ಚೆನ್ನಬಸಮ್ಮನ ಸೊಲ್ಲು

ಹೊಸಪೇಟೆ ನಿಲ್ದಾಣದಲ್ಲಿ ಸಂಡೂರು ಬಸ್ಸಿಗೆ ಕಾದು ರೋಸಿದ್ದ ಅನ್ನಪೂರ್ಣಳ ಕಿವಿ ಪಕ್ಕದ ಅಜ್ಜಿ-ಮೊಮ್ಮಗಳ ಮಾತಿನತ್ತ ಹೊರಳಿತು. ಹುಡುಗಿಯ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು.

"ಮನ್ಯಾಗ ನೀ ಹಾಡಿದಾಗ ತುಂಬ್ಕಂಡಿದ್ದ ನಾಟಿ ಪದ ಅಜ್ಜಿ ಇದು. ದನಿ ಏರಿದಂಗ ಬಣ್ಣ ಏರೋ ಹಂಗ ಕೋಡ್ ಬರ್ದೀನಿ."

"ಮಸ್ತ್ ಐತವ್ವ. ನಡುನಡುವ ಬರೇ ಕಪ್ಪು ಯಾಕ?"

"ಅಲ್ಲಿ ನೀ ಸುಮ್ನಿದ್ದಿ. ಅದನ್ನ ಕತ್ತರಿಸಿ ನಾಳೆ ಕಾಲೇಜಿನಾಗ ತೋರಿಸ್ತೀನಿ."

"ಕತ್ತರಿಸಬ್ಯಾಡ! ಅದು ಚೆನ್ನಬಸಮ್ಮನ ಸೊಲ್ಲು. ಗದ್ದ್ಯಾಗ ನಾಟಿ ಮಾಡುವಾಗ ನಾ ಒಂದು ಸೊಲ್ಲು ಅಂದ್ರ ಆಕಿ ಒಂದು ಅಂತಿದ್ಲು. ಆಕಿ ಪಾಳ್ಯಾಗ ನಾ ಬಾಯಿ ತೆಗ್ಯಂಗಿಲ್ಲ."

"ಮನ್ಯಾಗ ನೀ ಒಬ್ಬಾಕಿನೇ ಇದ್ದೆಲ್ಲ?"

"ಇದ್ರೇನು? ಪಾಳಿ ಆಕೀದೇ."

"ಈಗ ಆಕಿ ಎಲ್ಲದಾಳ?"

"ಕಂಪ್ಲ್ಯಾಗ. ಏಳು, ಆಕಿ ದನೀನೂ ತುಂಬ್ಕಂಡು ಬರಾಣ."

"ನಮ್ಮ ಬಸ್ ಬಂತಲ್ಲ ಅಜ್ಜಿ!"

"ಹೋಗ್ಲಿ. ಅರ್ಧ ಪದ ತೋರಿಸ್ತೀಯೇನು?"

ಅಜ್ಜಿ ಸೆರಗು ಬಿಗಿದು ಕಂಪ್ಲಿ ಬಸ್ಸಿನತ್ತ ನಡೆದಳು. ನಡೆಯುತ್ತಲೇ ಒಂದು ಸೊಲ್ಲು ಹಾಡಿ ಸುಮ್ಮನಾದಳು. ಹಿಂದೆ ಹೊರಟ ಮೊಮ್ಮಗಳೂ ಆ ಪಾಳಿ ಮುಗಿಯುವ ತನಕ ಮಾತಾಡಲಿಲ್ಲ.