ಒಂದು ಲಾರಿ, ಎರಡು ತುಲಾಭಾರ

ಇಂಜಿನ್ನಿನಲ್ಲಿ ದೋಷವಿರಬಹುದೆಂದು ಕಂಪನಿ ತಾನು ಮಾರಿದ್ದ ಲಾರಿಗಳನ್ನೆಲ್ಲ ವಾಪಸ್ ಕರೆಸಿತ್ತು. ಕಾಂದಿವಲಿಯ ಸರ್ವೀಸ್ ಸೆಂಟರಿನಲ್ಲಿ ಆಫೀಸಿನ ಲಾರಿಗಾಗಿ ಕಾದು ಕಾದು ಪಂಕಜಾ ತೂಕಡಿಸುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಗಂಡ ಹೆಂಡತಿಯ ಉಡುಪಿ ಕಡೆಯ ಕನ್ನಡ ಕಿವಿಗೆ ಬಿದ್ದದ್ದೇ ನಿದ್ದೆ ಹಾರಿಹೋಯಿತು.

"ವಾರಿಜಾ, ನಮಗೆ ಹೊಸ ಇಂಜಿನ್ ಸಿಗ್ಲಿ ಅಂತ ಹರಕೆ ಹೇಳಿದ್ದೇನೆ."

"ಹಳೆಯದು ಹಾಳಾಗಿದ್ರೆ ಅಲ್ವಾ ಹೊಸತು ಕೊಡೋದು?"

"ಮತ್ತೆ?"

"ಅಯ್ಯೋ, ಅದು ಹಾಳಾಗ್ಬಾರ್ದು ಅಂತ ಲಾರಿ ತಂದ ದಿನವೇ ನಾನು ಹರಕೆ ಹೇಳಿದ್ದೇನೆ ಮಾರಾಯ್ರೇ!"

"ಯಾರಿಗೆ?"

"ಉಡುಪಿ ಕೃಷ್ಣನಿಗೆ. ನೀವು?"

"ನಾನೂ ಅವನಿಗೇ."

ವಾರಿಜಾ ಗಂಡನ ಕಡೆ ತಿರುಗಿದ್ದಕ್ಕೆ ಬೆಂಚು ಕಿರುಗುಟ್ಟಿತು.

"ಎಂತ ಹರಕೆ?"

"ತುಲಾಭಾರ. ಬಾಳೆಹಣ್ಣಿನಲ್ಲಿ. ನಿನ್ನದು."

"ನನ್ನದಾ? ನಾನು ಹೇಳಿದ್ದು ನಿಮ್ಮದು, ಬೆಲ್ಲದಲ್ಲಿ!"

ಪಂಕಜಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಮೆಕ್ಯಾನಿಕ್ ಆ ಗಂಡ ಹೆಂಡತಿಯ ಬಳಿ ಬಂದು, ನಿಮ್ಮ ಇಂಜಿನ್ ಫಸ್ಟ್‌ಕ್ಲಾಸ್ ಇದೆ, ಆದರೂ ಕಂಪನಿಯ ಆರ್ಡರ್ ಪ್ರಕಾರ ಹೊಸದನ್ನೇ ಹಾಕುತ್ತೇವೆ ಎಂದು ಹಿಂದಿಯಲ್ಲಿ ಹೇಳಿಹೋದ.

"ಎರಡೂ ಫಲಿಸಿತಲ್ಲ ಮಾರಾಯ್ತಿ!"

"ಹಾಗಾದ್ರೆ ಎರಡೂ ತೀರಿಸ್ಬೇಕು."

"ತೀರಿಸುವಾ. ಈಗ ಹೊರಗೆ ವಡಾಪಾವ್ ತಿನ್ನುವಾ, ಬಾ."

"ತಕ್ಕಡಿ ಹತ್ತುವವರೆಗೆ ನಿಮಗೆ ವಡಾಪಾವ್ ಇಲ್ಲ!"

"ದೇವರಿಗೆ ಬೆಲ್ಲ ಕಡಿಮೆ ಮಾಡೋದಾ? ಪಾಪ ಬರ್ತದೆ."

ವಾರಿಜಾ ಬಾಗಿಲಲ್ಲಿ ಒಂದು ಕ್ಷಣ ನಿಂತು ಯೋಚಿಸಿದಳು.

"ಹೌದಲ್ಲ... ನನಗೂ ಎರಡು ವಡಾಪಾವ್ ಹೇಳಿ."