ಹನ್ನೊಂದನೇ ಏಟು

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಯಾರೋ ಹೊತ್ತು ಕಳೆಯಲು ಕಟ್ಟಿದ್ದಲ್ಲ, ನಮ್ಮ ದೊಡ್ಡಪ್ಪನ ಮಗನಿಗೇ ಆದದ್ದು. ತಾಳವಾದ್ಯ ಕಲಿಸುವ ಮೇಷ್ಟ್ರು. ತಮ್ಮ ಕಿವಿಯ ಬಗ್ಗೆ ಅವರಿಗೆಷ್ಟು ಜಂಭವೆಂದರೆ, ಅಡುಗೆಮನೆಯಲ್ಲಿ ಚಮಚ ಬಿದ್ದರೆ ಕೂತಲ್ಲಿಂದಲೇ ಯಾವ ಚಮಚ ಅಂತ ಹೇಳುವವರು. ಹೆಂಡತಿ ಕರೆದದ್ದು ಮಾತ್ರ ಕೇಳಿಸುತ್ತಿರಲಿಲ್ಲ.

ಅವತ್ತು ತರಗತಿ ಮುಗಿಸಿ ಬೀಗ ಹಾಕುವಾಗ ಹತ್ತು ದಾಟಿತ್ತು. ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಪಾಳುಬಾವಿ. ಮೇಲೆ ಹಲಗೆ ಮುಚ್ಚಿದ್ದಾರೆ. ಅದನ್ನು ದಾಟಿ ನಾಲ್ಕು ಹೆಜ್ಜೆ ಹಾಕಿರಬೇಕು...

ಟಕ್. ಟಕ್. ಟಿಕ್...

ನಿಂತರು. ನೀರು ತೊಟ್ಟಿಕ್ಕುವ ಸದ್ದಲ್ಲ, ಅದರ ಕೊನೆ ದುಂಡಗಿರುತ್ತದೆ. ಹಲ್ಲಿಯೂ ಅಲ್ಲ. ಬಿಸಿಲಿಗೆ ಕಾದ ಹಲಗೆ ರಾತ್ರಿ ತಣಿಯುವಾಗ ಚಟ್ ಅನ್ನುತ್ತದೆ, ಆದರೆ ಲೆಕ್ಕ ಇಟ್ಟುಕೊಂಡು ಅನ್ನುವುದಿಲ್ಲ. ಇದು ಪೆನ್ಸಿಲ್. ಪೆನ್ಸಿಲ್ಲಿನ ಹಿಂಬದಿ, ಒಣ ಮರದ ಮೇಲೆ. ಬಾರಿಸುವ ಕೈ ಹಲಗೆಯ ಕೆಳಗಿದೆ.

ಅಭ್ಯಾಸಬಲ, ಎಣಿಸಿದರು. ಎಂಟು, ಒಂಬತ್ತು, ಹತ್ತು... ಏನೂ ಇಲ್ಲ. ಒಂದು ಏಟಿನಷ್ಟು ಖಾಲಿ. ಆಮೇಲೆ ಹನ್ನೆರಡು, ಹದಿಮೂರು. ಹದಿನಾರಕ್ಕೆ ನಿಂತಿತು.

ಆ ಖಾಲಿ ಜಾಗ ಮೇಷ್ಟ್ರಿಗೆ ಗೊತ್ತಿತ್ತು. ಅವರನ್ನು ಬಿಟ್ಟರೆ ಇನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಸತ್ತು ಎಂಟು ತಿಂಗಳಾಗಿತ್ತು.

ಅವಳನ್ನು ಎಲ್ಲರೂ ಪೆನ್ಸಿಲ್ ಅಂತಲೇ ಕರೆಯುತ್ತಿದ್ದರು. ಹೆಸರಿಟ್ಟವರು ಮೇಷ್ಟ್ರೇ. ಅವರ ತರಗತಿಯಲ್ಲಿ ಕೇಳುವ ಪಾಠ ಹೀಗೆ: ಮಕ್ಕಳೆಲ್ಲ ಗೋಡೆಗೆ ಮುಖ ಮಾಡಿ ಕೂರಬೇಕು. ಬೆನ್ನ ಹಿಂದೆ ಮೇಷ್ಟ್ರು ಬಾರಿಸುತ್ತಾರೆ. ಅಂಗೈ ಏಟಿಗೆ ಉದ್ದ ಗೀಟು, ಬೆರಳೇಟಿಗೆ ಗಿಡ್ಡ ಗೀಟು, ಏಟು ಬೀಳದ ಕಡೆ ಸೊನ್ನೆ. ಕೇಳಿದ್ದನ್ನು ಕೇಳಿದ ಹಾಗೆ ಬರೆಯಬೇಕು, ಅಷ್ಟೆ. ಈ ಹುಡುಗಿ ಬರೆಯುವ ಮೊದಲು ಪೆನ್ಸಿಲ್ಲಿನ ಹಿಂಬದಿಯಿಂದ ಬೆಂಚಿನ ಮೇಲೆ ಒಮ್ಮೆ ಬಾರಿಸಿ ನೋಡುತ್ತಿದ್ದಳು. "ಬೆಂಚಿಗ್ಯಾಕಮ್ಮ ಪಾಠ ಹೇಳ್ತೀಯ?" ಅಂತ ಮೇಷ್ಟ್ರು ರೇಗಿಸುತ್ತಿದ್ದರು. ಸಂಜೆ ತಾಯಿ ಗಿರಣಿಯಿಂದ ಬರುವ ತನಕ ಆ ಬಾವಿಕಟ್ಟೆಯ ಮೇಲೆ ಕೂತು ಹಲಗೆಗೆ ಪಾಠ ಹೇಳುತ್ತಿದ್ದಳು.

ಆರು ವರ್ಷದ ಹಿಂದೆ ಪರೀಕ್ಷೆ. ಗೆದ್ದವರು ಮೇಲಿನ ತರಗತಿಗೆ, ಸೋತವರು ಮನೆಗೆ. ಹೊರಗಿನಿಂದ ಮೂವರು ದೊಡ್ಡ ಮನುಷ್ಯರು ಬಂದು ಕುರ್ಚಿಯಲ್ಲಿ ಕೂತಿದ್ದರು. ಮೇಷ್ಟ್ರು ಬಾರಿಸಿದ್ದು ದಿನವೂ ಬಾರಿಸುವ ಹದಿನಾರು ಏಟಿನ ಪಾಠವನ್ನೇ. ಹನ್ನೊಂದಕ್ಕೆ ಬೆರಳು ಹಿಡಿದುಕೊಂಡಿತು. ಏಟು ಬೀಳಲಿಲ್ಲ. ಎಂಥ ಕೈಗೂ ಒಂದು ದಿನ ಹಾಗಾಗುತ್ತದೆ. ಕುರ್ಚಿಯಲ್ಲಿದ್ದವರಿಗೂ ಅದು ತಿಳಿಯಲಿಲ್ಲ.

ಹನ್ನೆರಡು ಮಕ್ಕಳಲ್ಲಿ ಹನ್ನೊಂದು ಮಕ್ಕಳು ಬಾಯಿಪಾಠದ ಮೇಲೆ ಹದಿನಾರು ಗೀಟು ಎಳೆದರು. ಪೆನ್ಸಿಲ್ ಒಬ್ಬಳು ಹನ್ನೊಂದರಲ್ಲಿ ಸೊನ್ನೆ ಬರೆದಳು.

ಮೇಷ್ಟ್ರು ಆ ಸೊನ್ನೆಯನ್ನು ನೋಡಿದರು. ನೋಡಿ, ಕೆಂಪು ಶಾಯಿಯಲ್ಲಿ ತಪ್ಪು ಹಾಕಿದರು.

"ಸಾರ್, ಅದು ಬೀಳಲಿಲ್ಲ" ಅಂದಳು ಅವಳು, ಬಹಳ ಮೆಲ್ಲಗೆ.

"ಕಿವಿ ಇಲ್ಲದವರಿಗೆ ಇಲ್ಲಿ ಏನು ಕೆಲಸ?" ಅಂದರು ಇವರು, ಮೂವರಿಗೂ ಕೇಳುವಷ್ಟು ಗಟ್ಟಿಯಾಗಿ.

ಅವಳು ತಾಯಿಯ ಗಿರಣಿಗೇ ಸೇರಿದಳು. ಹಗಲೆಲ್ಲ ಮಗ್ಗಗಳ ಧಡಧಡ. ಐದು ವರ್ಷದಲ್ಲಿ ಆ ಕಿವಿ ಪೂರ್ತಿ ಹೋಯಿತು. ಗಿರಣಿಯ ಅಂಗಳದಲ್ಲಿ ಹಿಂದಕ್ಕೆ ಬರುತ್ತಿದ್ದ ಲಾರಿ ಮೂರು ಸಲ ಹಾರ್ನ್ ಹಾಕಿತಂತೆ. ಅವಳು ತಿರುಗಲಿಲ್ಲ. ಸುದ್ದಿ ಕೇಳಿದ ದಿನ ಮೇಷ್ಟ್ರು ಊಟ ಬಿಟ್ಟರು. ಯಾಕೆ ಅಂತ ಹೆಂಡತಿಗೂ ಹೇಳಲಿಲ್ಲ. ಬಾಯಿಬಿಟ್ಟು ಹೇಳಿಕೊಳ್ಳುವಂಥ ಪಾಪವೇ ಅದು?

ಮರುದಿನ ರಾತ್ರಿ ಅದೇ ಓಣಿ. ಟಕ್, ಟಕ್, ಟಿಕ್... ಹದಿನಾರು ಮುಗಿದ ಮೇಲೆ ಹಲಗೆಯ ಸಂದಿನಿಂದ ಪಿಸುದನಿ.

"ಎಷ್ಟು?"

ಮೇಷ್ಟ್ರು ಓಡಲು ತಿರುಗಿದರು. ಆದರೂ ಅಭ್ಯಾಸ ನೋಡಿ...

"ಹದಿನಾರು" ಅಂದುಬಿಟ್ಟರು.

ಮತ್ತೆ ಮೊದಲಿನಿಂದ ಶುರುವಾಯಿತು. ಟಕ್...

ಓಡಿದರು. ನಾಳೆಯಿಂದ ದೊಡ್ಡ ರಸ್ತೆಯಲ್ಲಿ ಸುತ್ತಿ ಬಂದರೆ ಆಯಿತು ಅಂದುಕೊಂಡರು. ಸುತ್ತಿ ಬಂದರೆ ಮನೆಯ ಕಿಟಕಿಯ ಚೌಕಟ್ಟಿನ ಮೇಲೆ ಅದೇ. ಕಿಟಕಿ ಮುಚ್ಚಿದರೆ ಮಂಚದ ಕಾಲಿನ ಮೇಲೆ ಅದೇ. ದಿಂಬಿನಿಂದ ಕಿವಿ ಮುಚ್ಚಿಕೊಂಡರೂ ಆ ಖಾಲಿ ಜಾಗ ಕೇಳಿಸುತ್ತಿತ್ತು. ಏಟಿಗಾದರೆ ಕಿವಿ ಮುಚ್ಚಿಕೊಳ್ಳಬಹುದು, ಬೀಳದ ಏಟಿಗೆ ಏನು ಮುಚ್ಚಿಕೊಳ್ಳುವುದು?

"ನಾನು ಹತ್ತು ಸಲ ಕೂಗಿದ್ರೂ ಕೇಳಲ್ಲ, ಮಂಚದ ಕಾಲು ಮಾತಾಡಿದ್ರೆ ಕೇಳುತ್ತಾ?" ಅಂದಳು ಹೆಂಡತಿ. ಆಮೇಲೆ ಗಂಡನ ಮುಖ ನೋಡಿದಳು. ತಮಾಷೆ ಅಲ್ಲೇ ನಿಂತಿತು. "ಏನು ಮಾಡಿದ್ದೀರಿ, ಹೇಳಿ" ಅಂದಳು.

ಹೇಳಿದರು. ಆರು ವರ್ಷದಲ್ಲಿ ಮೊದಲ ಸಲ.

"ನನಗೆ ಹೇಳಿದ್ರೆ ಏನು ಬಂತು?" ಅಂದಳು ಅವಳು.

ಅದೇ ರಾತ್ರಿ, ಹನ್ನೆರಡರ ಮೇಲೆ, ಮೇಷ್ಟ್ರು ಒಬ್ಬರೇ ಬಾವಿಗೆ ಹೋದರು. ಕಟ್ಟೆಗೆ ಎರಡೂ ಕೈ ಊರಿ ನಿಂತರು. ಹಲಗೆಯ ಕೆಳಗೆ ಹದಿನಾರು ಮುಗಿಯಿತು.

"ಎಷ್ಟು?"

"ಹದಿನೈದು" ಅಂದರು. "ಹನ್ನೊಂದನೇದು ಬೀಳಲಿಲ್ಲ ಕಣಮ್ಮ. ನಿನ್ನ ಕಿವಿ ಸರಿಯಾಗಿತ್ತು. ನನಗೆ ಅವತ್ತೇ ಗೊತ್ತಿತ್ತು... ಮರ್ಯಾದೆ ಹೋಗುತ್ತೆ ಅಂತ ಸುಮ್ಮನಾದೆ."

ಗಾಳಿ ಇರಲಿಲ್ಲ. ದೂರದ ನಾಯಿ ಕೂಡ ಸುಮ್ಮನಿತ್ತು.

"ನನಗೆ ಗೊತ್ತಿತ್ತಲ್ಲ ಸಾರ್" ಅಂದಿತು ಪಿಸುದನಿ. "ಅಮ್ಮನಿಗೆ ಗೊತ್ತಿಲ್ಲ."

ಬೆಳಗಾಗುವುದನ್ನೇ ಕಾದು ಮೇಷ್ಟ್ರು ಕಪಾಟಿನಿಂದ ಅವಳ ಪರೀಕ್ಷೆಯ ಹಳೆಯ ಹಾಳೆ ತೆಗೆದರು. ಗಿರಣಿಯ ಹಿಂದಿನ ಒಂದು ಕೋಣೆಯ ಮನೆಗೆ ಹೋದರು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. ತಾಯಿ ಹಾಳೆ ಇಸಕೊಂಡು ಆ ಸೊನ್ನೆಯ ಮೇಲೆ ಬೆರಳಾಡಿಸಿದಳು.

"ಕಿವಿ ಇಲ್ಲ ಅಂದ್ರಂತೆ ಅಂತ ಅವಳು ಬಂದು ಹೇಳಿದಾಗ, ನಾನೂ ನಂಬಿಬಿಟ್ಟೆ" ಅಂದಳು. "ಏಟು ಬೀಳಲಿಲ್ಲ ಅಂತ ಅವಳೇ ಸುಳ್ಳು ಹೇಳ್ತಿದ್ದಾಳೆ ಅಂದ್ಕೊಂಡು ಎರಡೇಟು ಹೊಡೆದೆ."

ಮೇಷ್ಟ್ರು ಅಲ್ಲೇ ಹೊಸ್ತಿಲ ಹೊರಗೆ ಕೂತರು. ಅವಳು ಅವರನ್ನು ಒಳಗೆ ಕರೆಯಲಿಲ್ಲ. ಕರೆದಿದ್ದರೂ ಹೋಗುವ ಮುಖ ಅವರಿಗಿರಲಿಲ್ಲ.

ಅವತ್ತು ಸಂಜೆ ತರಗತಿಯಲ್ಲಿ ಒಂಬತ್ತು ಹೊಸ ಮಕ್ಕಳು. ಅವರಿಗೂ ಮುಚ್ಚಿಡದೆ ಹೇಳಿದರು. ಆಮೇಲೆ ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಆ ಪಾಠವನ್ನೇ ಬಾರಿಸಿದರು. ನಿಧಾನವಾಗಿ, ಪ್ರತಿ ಏಟನ್ನೂ ಕಣ್ಣಾರೆ ನೋಡಿಕೊಂಡು. ಹದಿನಾರಕ್ಕೆ ಹದಿನಾರೂ ಬಿತ್ತು. ಹನ್ನೊಂದನೆಯದು ಚೊಕ್ಕವಾಗಿ, ಒಂದೇ ಒಂದು ಬೆರಳೇಟು.

ಹಾಳೆಗಳನ್ನು ತೆಗೆದುಕೊಂಡರು. ಒಂದು ನೋಡಿದರು, ಇನ್ನೊಂದು ನೋಡಿದರು, ಒಂಬತ್ತನ್ನೂ ನೋಡಿದರು. ಎಲ್ಲದರಲ್ಲೂ ಹನ್ನೊಂದನೆಯ ಜಾಗದಲ್ಲಿ ಎರಡು ಗೀಟು. ಪಕ್ಕಪಕ್ಕ.

"ಎರಡ್ಯಾಕೆ ಬರೆದ್ರಿ?" ಅಂತ ಕೇಳಿದರು.

"ಎರಡು ಕೇಳಿಸ್ತಲ್ಲ ಸಾರ್" ಅಂದಳು ಮುಂದಿನ ಬೆಂಚಿನವಳು. "ಒಂದು ನಿಮ್ಮದು, ಒಂದು ಬೆಂಚಿನದು."

ಮೇಷ್ಟ್ರು ಕೆಂಪು ಶಾಯಿ ತೆಗೆದರು. ಒಂಬತ್ತಕ್ಕೂ ಸರಿ ಹಾಕಿದರು.

ನಗುವವರು ನಗಿ. ನಾನು ಆ ಹಾಳೆಗಳನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಗೀಟು ಎಣಿಸಿದ್ದೇನೆ. ಪ್ರತಿಯೊಂದರಲ್ಲೂ ಹದಿನೇಳಿವೆ.