ಒಂದೂ ಬ್ಯಾಕ್ಟೀರಿಯಾ ಇಲ್ಲದ ಗಾಯ

ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಆಸ್ಪತ್ರೆಯ ಪ್ರಯೋಗಾಲಯದ ಫೋನ್ ರಿಂಗಾಯಿತು. ಹಿರಿಯ ಟೆಕ್ನಿಷಿಯನ್ ಕೈಗವಸು ಕಳಚಿ ಎತ್ತಿಕೊಂಡರು.

ಹಲೋ... ಹಾಂ, ಲ್ಯಾಬೇ. ಯಾರು ಮಾತಾಡ್ತಿರೋದು?...

ಓ, ಸರ್ಜರಿಯ ಚಿಕ್ಕ ಡಾಕ್ಟ್ರಾ! ಅಂತೂ ನಮ್ಮ ನೆನಪಾಯ್ತಲ್ಲ. ಯಾವ ಪೇಷಂಟು?...

ಹಾಂ ಹಾಂ, ಕರುಳಿನ ಆಪರೇಷನ್ ಆದ ಟೈಲರು. ಹೊಲಿಗೆ ಹಾಕೋ ಮುಂಚೆ ಗಾಯದಿಂದ ಒಂದು ಚೂರು ಮಾಂಸ ಕಳಿಸಿದ್ರಿ, ಮುಂದೆ ಕೀವಾಗೋ ಅಪಾಯ ಎಷ್ಟು ಅಂತ ತಿಳ್ಕೊಳ್ಳೋಕೆ. ಅದೇ ಅಲ್ವಾ?...

ನೋಡಿದ್ವಿ. ಮೂರು ದಿನ ಇಟ್ಟು ನೋಡಿದ್ವಿ. ಒಂದೇ ಒಂದು ಬ್ಯಾಕ್ಟೀರಿಯಾನೂ ಬೆಳೆದಿಲ್ಲ...

ಅಯ್ಯೋ, ತಡೀರಿ, ಇಷ್ಟು ಬೇಗ ಹಿಗ್ಗಬೇಡಿ. ಕರುಳು ಕೊಯ್ದ ಗಾಯ ಅಷ್ಟು ಮಡಿಯಾಗಿದ್ರೆ ನಮಗೆ ಅನುಮಾನ ಬರುತ್ತೆ. ಅದಕ್ಕೇ ಇವತ್ತು ನಿಮ್ಮ ಬಾಟಲಿ ಮುಚ್ಚಳ ನಾನೇ ಮತ್ತೆ ತೆಗೆದು ಮೂಸಿದೆ. ಕಣ್ಣಲ್ಲಿ ನೀರು ಬಂತು...

ಇಲ್ಲ ಡಾಕ್ಟ್ರೇ, ಆನಂದಬಾಷ್ಪ ಅಲ್ಲ. ಫಾರ್ಮಲಿನ್!...

ಹಾಂ, ಅದೇ. ಗಡ್ಡೆಯ ಚೂರು ಕೊಳೀದ ಹಾಗೆ ಇಡ್ತೀರಲ್ಲ, ಆ ದ್ರಾವಣದ ಬಾಟಲಿ. ಅದರಲ್ಲಿ ಬಿದ್ದ ಬ್ಯಾಕ್ಟೀರಿಯಾ ಒಂದೂ ಉಳಿಯಲ್ಲ...

'ಅಪಾಯ ಕಡಿಮೆ' ಅಂತ ಬರ್ಕೊಡಬೇಕಾ? ಸ್ಮಶಾನದಲ್ಲಿ ಜಗಳ ಆಗಿಲ್ಲ ಅಂತ ಊರಿಗೆಲ್ಲ ಶಾಂತಿಯ ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತೆ, ಕೊಡಲಾ?...

ನಮ್ಮ ಲ್ಯಾಬಿನ ಚೀಟಿ ಅಂಟಿಸಿದ್ರಾ? ಅಂಟಿಸಿದ್ರಿ, ಎಷ್ಟು ನೀಟಾಗಿ! ಚೀಟಿ ಓದ್ಕೊಂಡು ಬ್ಯಾಕ್ಟೀರಿಯಾ ಜೀವ ಉಳಿಸ್ಕೊಳ್ಳಲಿ ಅಂತಾನಾ?...

ದೊಡ್ಡ ಡಾಕ್ಟ್ರು ಬೈತಾರಾ? ಬೈಯಲಿ. ಬಾಟಲಿ ಇಲ್ಲೇ ಇದೆ, ಬಂದು ಮೂಸಿ ನೋಡಿ ಬೈಯಲಿ. ಅದಿರಲಿ, ಟೈಲರ್ ಹೇಗಿದ್ದಾರೆ?...

ಜ್ವರಾನಾ? ಎಷ್ಟು?... ನೂರಾ ಒಂದು. ಗಾಯದ ಸುತ್ತ?... ಕೆಂಪಗೆ ಊದಿದೆ. ಆದ್ರೂ ಮನೆಗೆ ಕಳಿಸ್ತಿದ್ದೀರಾ! ಭಲೇ! ಟೈಲರ ಹೊಟ್ಟೆ ಬಿಟ್ಟು ನಮ್ಮ ಬಾಟಲಿಗೆ ಚಿಕಿತ್ಸೆ ಮಾಡ್ತಿದ್ದೀರಿ ನೀವು...

ಏನು? ನಿನ್ನೆ ಫೋನಲ್ಲಿ 'ಏನೂ ಇಲ್ಲ' ಅಂತ ನಾವೇ ಹೇಳಿದ್ವಾ?... ಹಾಂ. ಹೇಳಿದ್ವಿ. ಆ ತಪ್ಪು ನಮ್ಮದೇ. ಬಾಟಲಿ ನಿನ್ನೆನೇ ಮೂಸಬೇಕಿತ್ತು...

ಟೈಲರ್ ಹೊರಟೇಬಿಟ್ರಾ? ಎಲ್ಲಿದ್ದಾರೆ ಈಗ?... ಗೇಟ್ ಹತ್ರ? ಹೆಂಡತಿ ಕಾರು ತರೋಕೆ ಹೋಗಿದ್ದಾರಾ? ಮತ್ತೆ ನನ್ನ ಜೊತೆ ಏನು ಹರಟೆ ಹೊಡೀತಾ ನಿಂತಿದ್ದೀರಿ, ಮಹಾರಾಯರೇ! ಓಡಿ!...

ರಿಪೋರ್ಟ್ ಎಲ್ಲಿಗೂ ಓಡಿಹೋಗಲ್ಲ. 'ಮಾದರಿ ಹಾಳಾಗಿದೆ, ಅಪಾಯ ಎಷ್ಟು ಅಂತ ಹೇಳಲಾಗದು' ಅಂತ ಬರೀತೀನಿ. ಮೊದಲು ಅವರನ್ನ ನಿಲ್ಲಿಸಿ. ಹೊಲಿಗೆ ಬಿಚ್ಚಿ ನೋಡಿ. ಹೊಸ ಮಾದರಿ ಕಳಿಸಿ, ಫಾರ್ಮಲಿನ್ ಇಲ್ಲದ ಬಾ... ಹಲೋ? ಹಲೋ?...

ಲೈನ್ ಕಡಿದುಹೋಗಿತ್ತು. ಹನ್ನೊಂದೂ ಕಾಲಿಗೆ ಟೈಲರನ್ನು ಗೇಟಿನಿಂದ ಗಾಲಿಕುರ್ಚಿಯಲ್ಲಿ ವಾರ್ಡಿಗೆ ವಾಪಸ್ ಕರೆತಂದರು. ಮಧ್ಯಾಹ್ನ ಗಾಯದ ಎರಡು ಹೊಲಿಗೆ ಬಿಚ್ಚಿದಾಗ ಕೀವು ಬಂತು.